ಗುಡುಗಮ್ಮನ ಕಾಡುಬಸಳೆ

ಗುಡುಗಮ್ಮ ಎಂದು ಬೀದಿಯೇ ಹೆಸರಿಟ್ಟಿದ್ದ ಆ ಹೆಂಗಸಿಗೆ ಮೆಲುದನಿ ಎಂಬುದೇ ಇರಲಿಲ್ಲ. ಸೂಜಿಗೆ ದಾರ ಪೋಣಿಸುವಾಗಲೂ ಸೂಜಿಯನ್ನು ಗದರಿಕೊಳ್ಳುತ್ತಿದ್ದಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಆಕೆ, ಗತಿಸಿದ ಗಂಡನ ಕಂದು ಕೋಟು ತೊಟ್ಟು, ಜೇಬಿಗೆ ಕತ್ತರಿ ಇಳಿಬಿಟ್ಟು, ಜಗಳಕ್ಕೆ ಹೊರಟವಳಂತೆ ಎಡಭುಜ ಮುಂದೆ ಮಾಡಿ ಹಿತ್ತಲಿಗೆ ನಡೆದಳೆಂದರೆ ಬೀದಿಗೆಲ್ಲ ಬೆಳಗಾಯಿತೆಂದೇ ಲೆಕ್ಕ.

ಪಕ್ಕದ ಮನೆಗೆ ಹೊಸದಾಗಿ ಬಂದ ಗಡಿಯಾರ ರಿಪೇರಿಯವನಿಗೆ ಇದು ತಿಳಿದಿರಲಿಲ್ಲ. ಮೊದಲ ದಿನವೇ ಗೋಡೆಯಾಚೆಯ ಮಾತು ಕೇಳಿ ಅವನ ಕೈಯ ಚಿಮಟ ಕೆಳಗೆ ಬಿತ್ತು.

"ಮತ್ತೆ ಗೋಡೆ ಹತ್ತಿದ್ಯಾ, ಮಾನಗೆಟ್ಟವಳೇ! ಇವತ್ತು ನಿನ್ನ ತಲೆ ಕತ್ತರಿಸಿ ಪಾತ್ರೆಗೆ ಹಾಕ್ಲಿಲ್ಲ ಅಂದ್ರೆ ಕೇಳು!"

ಆ ಮನೆಯಲ್ಲೊಬ್ಬ ಸೊಸೆಯಿದ್ದಾಳೆಂದಷ್ಟೇ ಅವನು ಬಲ್ಲ. ಬರಿಗಾಲಲ್ಲಿ ಓಡಿಹೋಗಿ ಹಿತ್ತಲ ಬಾಗಿಲು ನೂಕಿದರೆ, ಸೊಸೆ ಬುಟ್ಟಿ ಹಿಡಿದು ನಗುತ್ತ ನಿಂತಿದ್ದಾಳೆ. ಅತ್ತೆ ಕಾಡುಬಸಳೆಯ ಕುಡಿ ಕತ್ತರಿಸುತ್ತಿದ್ದಾಳೆ. ಯಾರೂ ನೆಡದೆ ಹುಟ್ಟಿ, ಗೋಡೆ ಮುಚ್ಚಿ, ಕಿಟಕಿಗೂ ಕೈಚಾಚಿದ್ದ ಬಳ್ಳಿ. ಕತ್ತರಿಸಿದಷ್ಟೂ ಕವಲೊಡೆಯುವ ಜಾತಿ.

"ಹೆದರಿಬಿಟ್ರಾ ಅಣ್ಣಾ? ಅತ್ತೆ ಬೈದಿದ್ದು ಸೊಪ್ಪನ್ನ!"

ನಾಚಿ ನಿಂತವನ ಕೈಗೆ ಗುಡುಗಮ್ಮ ಒಂದು ಹಿಡಿ ಎಲೆ ತುರುಕಿದಳು. "ಬೇಯಿಸ್ಕೊಂಡು ತಿನ್ನೋ, ಕಡ್ಡಿ! ಗಾಳಿಗೆ ಹಾರಿಹೋಗ್ತೀಯ!"

ಬೆಳಗಾದರೆ ಅತ್ತೆಗೆ ಈ ಕಾಟವೇಕೆಂದು ಸೊಸೆಗೆ ಮರುಕ. ಗುಡುಗಮ್ಮ ಹೊಲಿದ ಬಟ್ಟೆ ಕೊಡಲು ಹೋದ ಒಂದು ಮಧ್ಯಾಹ್ನ ಅವಳು ಬಳ್ಳಿಯನ್ನು ಬೇರುಸಹಿತ ಕಿತ್ತಳು. ಏಣಿ ಹಿಡಿದವನು ರಿಪೇರಿಯವನೇ.

ಮರಳಿದ ಗುಡುಗಮ್ಮ ಬೋಳು ಗೋಡೆಯ ಮುಂದೆ ನಿಂತಳು. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಹೊಲಿಗೆ ಯಂತ್ರವೂ ಮೂಕವಾಯಿತು. ಆ ಮೌನದಲ್ಲಿ ತನ್ನ ಗಡಿಯಾರಗಳ ಸದ್ದಿಗೆ ರಿಪೇರಿಯವನೇ ಬೆಚ್ಚಿಬಿದ್ದ.

"ಮಾವ ಹೋದ್ಮೇಲೆ ಅತ್ತೆಗೆ ಜಗಳಕ್ಕೆ ಸಿಕ್ಕಿದ್ದು ಆ ಬಳ್ಳಿಯೊಂದೇ, ಅಣ್ಣಾ. ನನಗೆ ಹೊಳೀಲೇ ಇಲ್ಲ," ಎಂದು ಸೊಸೆ ಅವನೆದುರು ಅತ್ತಳು. ಆಮೇಲೆ ಒಳಗೆ ಹೋಗಿ, "ಅತ್ತೆ, ನನ್ನನ್ನಾದ್ರೂ ಬೈಯಿರಿ," ಎಂದಳು.

"ನಿನ್ನನ್ಯಾಕೆ ಬೈಲಿ ಮಗಳೇ? ನೀನೇನು ಗೋಡೆ ಹತ್ತುತ್ತೀಯಾ?"

ಪಿಸುಮಾತು! ಬಾಗಿಲಲ್ಲಿದ್ದ ರಿಪೇರಿಯವನು ಬರಿಗಾಲಲ್ಲೇ ಓಡಿದ. ನೇರ ಹಿತ್ತಲಿಗೆ ಹೋಗಿ, ಕಿತ್ತ ಬಳ್ಳಿಯ ಒಣಗಿದ ರಾಶಿಯಲ್ಲಿ ತಡಕಾಡಿ, ಇನ್ನೂ ಹಸಿರಾಗಿದ್ದ ಒಂದು ಗಿಣ್ಣನ್ನು ಗೋಡೆಯ ಬುಡದಲ್ಲಿ ಊರಿ ನೀರೆರೆದ.

ಎಷ್ಟೋ ದಿನಗಳ ಮೇಲೆ ಒಂದು ಬೆಳಗ್ಗೆ ಅವನ ಚಿಮಟ ಮತ್ತೆ ಕೆಳಗೆ ಬಿತ್ತು.

"ಬಂದ್ಯಾ, ಮಾನಗೆಟ್ಟವಳೇ!"

ಇಂಥವರ ನುಡಿಯಲ್ಲಿ ಅಕ್ಕರೆಗೆ ಬೇರೆ ಕ್ರಿಯಾಪದವಿಲ್ಲ. ಬೈಯುವುದೊಂದರಿಂದಲೇ ಮೂರು ಕಾಲಗಳನ್ನೂ ನಡೆಸುತ್ತಾರೆ. ಅವರು ಗುಡುಗುವಾಗ ಹೆದರಬೇಕಾಗಿಲ್ಲ. ದನಿ ತಗ್ಗಿಸಿದ ದಿನ ಬರಿಗಾಲಲ್ಲಿ ಓಡಿಬರಬೇಕು.