ತುನಿಯಲ್ಲಿ ನಿಂತ ಗಾಡಿ

"ಹಾಗಾದ್ರೆ ನೀವೇ ಹೇಳಿ, ಈ ರೈಲು ಯಾರದ್ದು?" ಎಂದು ಉಮಾಶಂಕರ ಮೈಕಿನ ಕತ್ತು ಹಿಡಿದುಕೊಂಡು ಕೇಳಿದಾಗ ಹಿಂದಿನ ಸಾಲಿನಿಂದ ಯಾರೋ, "ನಿಮ್ ಮಾವಂದು!" ಎಂದು ಕೂಗಿದರು. ಸಭೆ ಗೊಳ್ಳೆಂದಿತು. ಅವನೂ ನಕ್ಕ. ಆದರೆ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ನವೆಂಬರ್ ತಿಂಗಳಾದರೂ ವಿಶಾಖಪಟ್ಟಣದ ಆ ಶಾಲೆಯ ಸಭಾಂಗಣದೊಳಗೆ ಸಮುದ್ರದ ಜಿಗುಟು ಗಾಳಿ ಬಂದು ಕೂತಿತ್ತು, ಅವನ ಭಾಷಣ ಹೆಜ್ಜೆ ಹೆಜ್ಜೆಗೂ ಮುಗ್ಗರಿಸುತ್ತಿತ್ತು.

ಕನ್ನಡ ಸಂಘದವರು ಆ ವರ್ಷದ ರಾಜ್ಯೋತ್ಸವಕ್ಕೆ ಚರ್ಚಾಸ್ಪರ್ಧೆ ಇಟ್ಟಿದ್ದರು. ಪ್ರಯಾಣಿಕರ ರೈಲುಗಳನ್ನು ಖಾಸಗಿಯವರಿಗೆ ಕೊಡಬೇಕೆ, ಸರ್ಕಾರವೇ ಇಟ್ಟುಕೊಳ್ಳಬೇಕೆ ಎಂಬುದು ವಿಷಯ. ದೆಹಲಿಯಲ್ಲಿ ಹೊಸ ಆರ್ಥಿಕ ನೀತಿ ಬಂದು ಎರಡು ವರ್ಷವಾಗಿತ್ತು. ಯಾವುದನ್ನು ಯಾವಾಗ ಮಾರುತ್ತಾರೋ ಎಂಬ ಮಾತು ಬ್ಯಾಂಕಿನ ಕೌಂಟರಿನಿಂದ ಮೀನು ಮಾರ್ಕೆಟ್ಟಿನವರೆಗೆ ಓಡಾಡುತ್ತಿತ್ತು. ಸಂಘದವರಿಗೆ ಇನ್ನೊಂದು ಉದ್ದೇಶವೂ ಇತ್ತು. ವಿಜಯವಾಡಕ್ಕೆ ಹೊಸದಾಗಿ ಬಂದಿದ್ದ ರೈಲ್ವೆಯ ದೊಡ್ಡ ಅಧಿಕಾರಿ ಚಂದ್ರಮೌಳಿ ಕನ್ನಡಿಗರೆಂದು ಗೊತ್ತಾಗಿತ್ತು. ಅವರನ್ನು ಮುಖ್ಯ ಅತಿಥಿಯಾಗಿ ಕರೆಸಿ, ಶಾಲು ಹೊದಿಸಿ, ಬೆಂಗಳೂರಿಗೆ ಇನ್ನೊಂದು ಬೋಗಿ ಕೇಳುವುದಿತ್ತು.

ಯಾರಿಗೆ ಯಾವ ಪಕ್ಷ ಎಂದು ಚೀಟಿ ಎತ್ತಿದಾಗ ಉಮಾಶಂಕರನಿಗೆ ಖಾಸಗಿ ಪಕ್ಷ ಬಂತು. ತುಮಕೂರಿನ ಕಡೆಯವನು, ರಾಷ್ಟ್ರೀಕೃತ ಬ್ಯಾಂಕಿನ ಅಧಿಕಾರಿ. ಬ್ಯಾಂಕು ಅವನನ್ನು ಮೊದಲು ವಿಜಯವಾಡಕ್ಕೆ, ಆಮೇಲೆ ಇಲ್ಲಿಗೆ ವರ್ಗ ಮಾಡಿತ್ತು. ರೈಲು ಯಾರ ಕೈಯಲ್ಲಿರಬೇಕೆಂದು ಅವನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಗೆಲ್ಲಬೇಕೆಂಬುದು ಮಾತ್ರ ಇತ್ತು.

ಅವನಿಗಿಂತ ಮುಂಚೆ ಮಾತಾಡಿದ್ದ ಅನಸೂಯಾ ನೌಕಾನೆಲೆಯ ಪೆಟಿ ಆಫೀಸರ್ ಒಬ್ಬರ ಹೆಂಡತಿ, ಮಂಡ್ಯದ ಕಡೆಯವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ನಮ್ಮೂರ್ಗೆ ಖಾಸಗಿ ಬಸ್ ಬತ್ತಿತ್ತು ಕಣ್ರೀ. ಜಾತ್ರೆ ದಿನ ಹೊತ್ತಿಗ್ ಮೊದ್ಲೇ ಬತ್ತಿತ್ತು. ಯಾರ್ಗಾದ್ರೂ ಹುಸಾರಿಲ್ಲ, ಆಸ್ಪತ್ರೆಗ್ ವೋಗ್ಬೇಕು ಅಂದ್ ದಿನ ಸೀಟ್ ತುಂಬ್ಲಿಲ್ಲ ಅಂತ ಅರ್ಧ ದಾರೀಲೇ ತಿರಿಕ್ಕೊಂಡ್ ವೋಯ್ತಿತ್ತು. ಒಬ್ಳೇ ಮುದ್ಕಿ ನಿಂತಿದ್ರೂ ನಿಲ್ಲೋ ಗಾಡಿ ಅಂದ್ರೆ ಸರ್ಕಾರದ ಪ್ಯಾಸೆಂಜರ್ ಗಾಡಿ ಒಂದೇಯ!" ಎಂದಿದ್ದಳು. ಚಪ್ಪಾಳೆ ನಿಂತೇ ಇರಲಿಲ್ಲ.

ಉಮಾಶಂಕರ ನಷ್ಟದ ಮಾತಾಡಿದ, ಬೋಗಿಯ ಜಿರಲೆಗಳ ಮಾತಾಡಿದ, ತಡವಾಗಿ ಬರುವ ಗಾಡಿಗಳ ಮಾತಾಡಿದ. "ಸರ್ಕಾರಿ ಸಂಬಳ ತಿಂದ್ಕೊಂಡು ಖಾಸಗಿ ಭಾಷಣ!" ಎಂದು ಇನ್ನೊಬ್ಬರು ಕೆಣಕಿದರು. ಮುಂದಿನ ಸಾಲಿನಲ್ಲಿ ಚಂದ್ರಮೌಳಿ ಕೈಗಡಿಯಾರ ನೋಡಿಕೊಂಡರು. ಆ ನೋಟ ಅವನನ್ನು ಚುಚ್ಚಿತು. ಮುಂದೇನು ಹೇಳುತ್ತೇನೆಂದು ತನಗೇ ತಿಳಿಯುವ ಮೊದಲು ಅವನ ಬಾಯಿಂದ, "ಒಂದು ಸ್ವಂತ ಅನುಭವ ಹೇಳ್ತೀನಿ" ಎಂಬ ಮಾತು ಬಂದುಬಿಟ್ಟಿತು.

ವಿಜಯವಾಡದಿಂದ ಇಲ್ಲಿಗೆ ವರ್ಗವಾಗಿ ಬರುತ್ತಿದ್ದ ದಿನದ ಸಂಗತಿ ಅದು. ಕೈಗೂಸಿಗೆ ಜ್ವರ, ಫ್ಲಾಸ್ಕಿನಲ್ಲಿದ್ದ ಹಾಲು ಒಡೆದುಹೋಗಿತ್ತು. ತುನಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಅವನು ಇಳಿದು ಓಡಿದ. ಹಾಲು ಸಿಗುವಷ್ಟರಲ್ಲಿ ಸಿಗ್ನಲ್ ಬಿತ್ತು. "ವೇದಾ, ಗಾಬರಿ ಆಗ್ಬೇಡ, ಬಂದೆ!" ಎಂದು ಹೆಂಡತಿಗೆ ಕೂಗುತ್ತ ಓಡಿಬರುತ್ತಿದ್ದವನಿಗೆ ಕೊನೆಯ ಬೋಗಿಯ ಬಾಗಿಲಿನಿಂದ ಕನ್ನಡದಲ್ಲೇ ಉತ್ತರ ಬಂತು: "ನಿಧಾನ ಬರ್ರೀ, ಬಿದ್ದೀರಿ! ನಾ ಬಾವುಟ ತೋರ್ಸೋತನ ಗಾಡಿ ಎಲ್ಲಿಗೆ ಹೋಗ್ತೈತಿ?" ಹಸಿರು ಬಾವುಟವನ್ನು ಕಂಕುಳಲ್ಲಿ ಸುತ್ತಿಟ್ಟುಕೊಂಡು ನಿಂತಿದ್ದ ಆ ಗಾರ್ಡ್, ಬಳ್ಳಾರಿಯ ಹೊನ್ನಪ್ಪ.

ಅಂದಿನಿಂದ ಹೊನ್ನಪ್ಪ ಮನೆಯವನಾದ. ವಿಜಯವಾಡದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದವನು ಡ್ಯೂಟಿಯ ಮೇಲೆ ಇಲ್ಲಿನ ವಾಲ್ತೇರ್ ಸ್ಟೇಷನ್ನಿಗೆ ಬಂದಾಗಲೆಲ್ಲ ಗಾರ್ಡುಗಳು ತಂಗುವ ರನ್ನಿಂಗ್ ರೂಮಿನ ಊಟ ಬಿಟ್ಟು ಇವರ ಮನೆಗೆ ಬರುತ್ತಿದ್ದ. ತಟ್ಟೆಯ ಮುಂದೆ ಕೂತರೆ ಮಾತು, ಕೈ ತೊಳೆದರೂ ಮಾತು. ಒಂದು ದಿನ ಅನ್ನ ಕಲಸುತ್ತ, "ಕನ್ನಡ ಕಿವಿಗೆ ಬಿದ್ದದ್ದೇ ತಡ, ಕೈ ಮ್ಯಾಲ ಏಳ್ಲೇ ಇಲ್ಲ ನೋಡ್ರಿ ಅಕ್ಕಾರ. ಗಾಡಿ ಯಾಕ ತಡ ಆತು ಅಂತ ಕೇಳಿದ್ರು. ಬ್ರೇಕಿನ ವ್ಯಾಕ್ಯೂಮ್ ಸರಿಯಾಗಿ ಬರ್ಲಿಲ್ಲ ಅಂತ ಹೇಳಿ ಬಿಟ್ಟೆ" ಎಂದು ವೇದವತಿಗೆ ಹೇಳಿ ನಕ್ಕಿದ್ದ.

ಉಮಾಶಂಕರ ಅದನ್ನೆಲ್ಲ ವೇದಿಕೆಯ ಮೇಲೆ ಹೇಳಿದ. ಹೆಸರು ಹೇಳಲಿಲ್ಲ, "ನಮ್ಮ ಬಳ್ಳಾರಿಯ ಅಣ್ಣ ಒಬ್ಬ" ಎಂದ. ಜನ ನಗತೊಡಗಿದ ಹಾಗೆ ಅವನಿಗೆ ರುಚಿ ಹತ್ತಿತು. "ಬೋಗಿ ಹತ್ತಿ ನೋಡ್ತೀನಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ! ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ಬಿದ್ದಿದೆ. ನಮ್ಮ ಅಣ್ಣ ಏನಂದ ಗೊತ್ತಾ? ಹೋಗ್ರೀ, ಅದನ್ನೂ ತಗೊಂಬರ್ರಿ, ಗಾಡಿ ನಮ್ದಾ ಐತಿ ಅಂದ!" ಸಭೆ ಕುರ್ಚಿಗಳ ಮೇಲೆ ಕುಣಿಯಿತು. ಚಪ್ಪಲಿ ಯಾವತ್ತೂ ಕಳೆದಿರಲಿಲ್ಲ. ಅದು ಆ ಕ್ಷಣದಲ್ಲಿ ಹುಟ್ಟಿದ ಚಪ್ಪಲಿ. "ಖಾಸಗಿ ಮಾಲೀಕನಾಗಿದ್ರೆ ಮಾರನೇ ದಿನವೇ ಕರೆಸಿ ಕೇಳ್ತಿದ್ದ. ಸರ್ಕಾರಕ್ಕೆ ಮಾತ್ರ ಆ ವ್ಯಾಕ್ಯೂಮ್ ಎಲ್ಲಿ ಹೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ!" ಚಂದ್ರಮೌಳಿಯೂ ತಲೆ ಹಿಂದಕ್ಕೆ ಹಾಕಿ ನಕ್ಕರು. ಉಮಾಶಂಕರನಿಗೆ ಅಲ್ಲಿದ್ದವರೆಲ್ಲ ತನ್ನ ಮನೆಯ ಜಗಲಿಯಲ್ಲಿ ಕೂತವರಂತೆ ಕಂಡರು. ಹೊರಗೆ ತೆಲುಗಿನ ಊರು, ಒಳಗೆ ನಾವು ನಾವೇ. ವೇದವತಿ ಮಾತ್ರ ಮಗುವಿನ ಲಂಗದ ಅಂಚನ್ನು ಸರಿಮಾಡುತ್ತ ತಲೆ ತಗ್ಗಿಸಿಕೊಂಡಿದ್ದಳು.

ಮೊದಲ ಬಹುಮಾನ ಅವನಿಗೇ ಬಂತು: ಕೊಂಡಪಲ್ಲಿಯ ಮರದ ಬೊಂಬೆ, ಅಂಬಾರಿ ಆನೆ. ಬಿಸಿಬೇಳೆಬಾತಿನ ಸಾಲಿನಲ್ಲಿ ಅನಸೂಯಾ ಹತ್ತಿರ ಬಂದು, "ಅಲ್ಲ ಸ್ವಾಮಿ, ಆ ಗಾರ್ಡಣ್ಣನ ಕತೆ ನಾನ್ ಯೇಳ್ಬೇಕಾಗಿದ್ದ ಕತೆ. ನನ್ ಬತ್ತಾನ ನೀವ್ ಹೊತ್ಕೊಂಡ್ ವೋಗಿ ಆನೆ ತಗೊಂಡ್ರಿ" ಎಂದಳು. ಅವನು ನಕ್ಕು ಮುಂದೆ ಸರಿದರೆ ಅಲ್ಲಿ ಚಂದ್ರಮೌಳಿ ತಟ್ಟೆ ಹಿಡಿದು ನಿಂತಿದ್ದರು.

"ಚೆನ್ನಾಗಿ ಮಾತಾಡಿದ್ರಿ ಉಮಾಶಂಕರ್. ಆ ತುನಿ ಕತೆ ಕಟ್ಟಿದ್ದು ತಾನೇ? ಭಾಷಣಕ್ಕೆ ಒಂದಿಷ್ಟು ಉಪ್ಪು ಖಾರ ಬೇಕಾಗುತ್ತೆ, ನನಗೂ ಗೊತ್ತು."

ಹಾಗೆಂದು ಅವರು ಅವನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದರು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈಗಷ್ಟೇ ಇಡೀ ಸಭೆಯನ್ನು ನಗಿಸಿ ಬಂದವನಿಗೆ ತನ್ನದು ಕಟ್ಟುಕತೆ ಎನ್ನಿಸಿಕೊಳ್ಳುವುದು ಅವಮಾನವಾಗಿ ತೋರಿತು.

"ಇಲ್ಲ ಸಾರ್, ಪೂರ್ತಿ ನಿಜ."

"ಚಪ್ಪಲಿ ಸಮೇತ?"

"ಚಪ್ಪಲಿ ಸಮೇತ."

ಚಂದ್ರಮೌಳಿ, "ಬಳ್ಳಾರಿ ಕಡೆಯ ಗಾರ್ಡುಗಳು ನಮ್ಮಲ್ಲಿ ಹೆಚ್ಚಿಗೆ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡವರಂತೆ ಹೇಳಿ ಮೊಸರನ್ನದ ಕಡೆ ಹೋದರು.

ಡಿಸೆಂಬರ್ ಬಂತು. ಹೊನ್ನಪ್ಪ ಬರಲಿಲ್ಲ. ವೇದವತಿ ಕೆಲವು ದಿನ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದಳು, ಆಮೇಲೆ ಬಿಟ್ಟಳು. "ಹೊನ್ನಪ್ಪಣ್ಣನಿಗೆ ಮೈಗೆ ಹುಷಾರಿಲ್ವೇನೋ, ಒಂದ್ಸಲ ವಿಚಾರಿಸಬಾರದಾ?" ಎಂದು ಕೇಳಿದಾಗ ಅವಳು ಗಂಡನ ಮುಖ ನೋಡಲಿಲ್ಲ. ಒಂದು ಸಂಜೆ ಉಮಾಶಂಕರ ಬ್ಯಾಂಕಿನಿಂದ ನೇರವಾಗಿ ವಾಲ್ತೇರಿನ ರನ್ನಿಂಗ್ ರೂಮಿಗೆ ಹೋದ. ಲುಂಗಿಯುಟ್ಟು ಟ್ರಂಕಿನ ಮೇಲೆ ಕೂತಿದ್ದ ನರಸಿಂಹಮೂರ್ತಿ ಎಂಬ ತೆಲುಗು ಗಾರ್ಡ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತನಗೆ ಬಂದಷ್ಟು ಕನ್ನಡದಲ್ಲಿ, "ಹೊನ್ನಪ್ಪನಾ? ಅವನ್ನ ಗೂಡ್ಸ್‌ಗೆ ಹಾಕಿಬಿಟ್ರು ಕದಾ. ಮೇಲ್ ಗಾಡಿಗೆ ಪ್ರಮೋಷನ್ ಆಗೋದಿತ್ತು. ಅದೂ ಹೋಯ್ತು, ಪ್ಯಾಸೆಂಜರೂ ಹೋಯ್ತು. ಯಾರೋ ಅವನ ಸ್ನೇಹಿತನೇ ಅಂತೆ, ಮೈಕಲ್ಲಿ ಹೇಳಿದ್ನಂತೆ" ಎಂದ. ಉಮಾಶಂಕರ ಆ ಸ್ನೇಹಿತ ಯಾರೆಂದು ಹೇಳಲಿಲ್ಲ.

ಮಾರನೆಯ ದಿನ ಬ್ಯಾಂಕಿನಿಂದ ಚಂದ್ರಮೌಳಿಗೆ ಫೋನ್ ಮಾಡಿದ. ಚಪ್ಪಲಿಯ ಮಾತು ತಾನು ಸೇರಿಸಿದ್ದು ಎಂದ. ಆ ಕಡೆಯಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕೇ ಆವತ್ತು ನಿಮ್ಮನ್ನ ಪಕ್ಕಕ್ಕೆ ಕರೆದು ಕೇಳಿದೆ. ಕೇಳಿದ್ನೋ ಇಲ್ವೋ? ಇನ್ನೂರು ಜನರ ಎದುರು ಹೇಳಿದ್ದನ್ನ ನಾನೊಬ್ಬ ಕೇಳಿಸ್ಕೊಂಡಿಲ್ಲ ಅನ್ನೋಕಾಗುತ್ತಾ ಉಮಾಶಂಕರ್? ಆ ಗಾರ್ಡ್ ಅವರನ್ನೂ ಕೇಳಿದ್ವಿ. ಗಾಡಿ ನಿಲ್ಲಿಸಿದ್ದು ಹೌದು ಅಂದ್ರು. ಮುಗೀತು." ಫೋನ್ ಇಡುವ ಮೊದಲು, "ಬೋಗಿ ವಿಷಯ ಬರೆದಿದೀನಿ, ಸಂಘದವರಿಗೆ ತಿಳಿಸಿ" ಎಂದರು.

ಮುಂದಿನ ಭಾನುವಾರ ಉಮಾಶಂಕರ ಬೆಳಗಿನ ಗಾಡಿ ಹಿಡಿದು ವಿಜಯವಾಡದಲ್ಲಿ ಇಳಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ರಿಕ್ಷಾದಲ್ಲಿ ಕೂತು ರೈಲ್ವೆ ಕಾಲೊನಿಗೆ ಹೋಗುವಷ್ಟರಲ್ಲಿ ಜೋಡಿಸಿದ್ದೆಲ್ಲ ಭಾಷಣದ ಹಾಗೆ ಕೇಳಿಸತೊಡಗಿತು. ರಿಕ್ಷಾದವನಿಗೆ ಕಾಯಲು ಹೇಳಿ ಬೇಲಿಯ ಗೇಟು ತೆಗೆದ.

ಹೊನ್ನಪ್ಪ ಬನಿಯನ್ನಿನಲ್ಲಿ ವರಾಂಡದ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಬಂದವನನ್ನು ಕಂಡು ಎದ್ದ. ಕುರ್ಚಿಯ ಮೇಲಿದ್ದ ಟವೆಲ್ಲು ತೆಗೆದು, "ಕೂರ್ಚೋಂಡಿ ಸಾರ್" ಎಂದ.

ಉಮಾಶಂಕರ ಕೂತ. "ಹೇಗಿದೀರಿ ಹೊನ್ನಪ್ಪನವರೇ?"

"ಬಾಗುನ್ನಾಮಂಡಿ. ಮೀರು? ಅಮ್ಮಗಾರು, ಪಾಪ ಬಾಗುನ್ನಾರಾ?"

ತೆಲುಗು. ಪೇಟೆಯಲ್ಲಿ ಗಿರಾಕಿಯೊಬ್ಬನನ್ನು ಮಾತಾಡಿಸುವಷ್ಟು ಮರ್ಯಾದೆಯ, ಇಸ್ತ್ರಿ ಮಾಡಿದ ತೆಲುಗು. ಅಕ್ಕಾರ ಹೋಗಿ ಅಮ್ಮಗಾರು ಬಂದಿತ್ತು. ಬಾಯಿತಪ್ಪಿ ಬಂದಿರಬೇಕು ಎಂದುಕೊಂಡು ಉಮಾಶಂಕರ ಕನ್ನಡದಲ್ಲೇ ಮುಂದುವರಿಸಿದ. ವೇದವತಿ ಕೇಳುತ್ತಿರುತ್ತಾಳೆ ಎಂದ. ನನ್ನಿಂದ ತಪ್ಪಾಯಿತು ಎಂದ. ಹೆಸರು ಹೇಳಿರಲಿಲ್ಲ ಎಂದ. ಹೊನ್ನಪ್ಪ ಪ್ರತಿ ಮಾತಿಗೂ ತಲೆಯಾಡಿಸಿ, "ಪರವಾಲೇದಂಡಿ" ಎನ್ನುತ್ತಿದ್ದ. ಹೊನ್ನಪ್ಪನ ಹೆಂಡತಿ ಚಂದ್ರಮ್ಮ ನೀರಿನ ಲೋಟ ತಂದಿಟ್ಟಳು. "ಚೆನ್ನಾಗಿದೀರಾ ಚಂದ್ರಮ್ಮನೋರೇ?" ಎಂದದ್ದಕ್ಕೆ ಕತ್ತು ಅಲುಗಿಸಿ ಒಳಗೆ ಹೋದಳು.

"ಬೇಕಾದ್ರೆ ನಾನು ಬರೆದುಕೊಡ್ತೀನಿ ಹೊನ್ನಪ್ಪನವರೇ, ಎಲ್ಲ ಸುಳ್ಳು ಅಂತ. ನಾನು ಕಟ್ಟಿದ್ದು ಅಂತ."

ಹೊನ್ನಪ್ಪ ಬೂಟನ್ನು ಬೆಳಕಿಗೆ ಹಿಡಿದು ನೋಡಿದ. ಗಾಡಿ ನಿಲ್ಲಿಸಿದ್ದು ಸುಳ್ಳಲ್ಲವಲ್ಲ ಸಾರ್ ಎಂದು ತೆಲುಗಿನಲ್ಲೇ ಹೇಳಿದ. ಮಗು ಅಳುತ್ತಿದ್ದದ್ದೂ ಸುಳ್ಳಲ್ಲ. ಬ್ರಷ್ಷಿನಿಂದ ಇನ್ನೊಂದೆರಡು ಸಲ ಉಜ್ಜಿ, "ಆ ಚೆಪ್ಪುಲ ಸಂಗತಿ ಮಾತ್ರಂ ನಾಕು ತೆಲೀದು" ಎಂದ. ಆ ಚಪ್ಪಲಿಯ ಸಂಗತಿ ಮಾತ್ರ ತನಗೆ ಗೊತ್ತಿಲ್ಲ. "ಸಾಹೇಬರು ಅಡಿಗಾರು, ಕೇಳಿದ್ರು. ಯಾವ ಚಪ್ಪಲಿ ಅಂತ ನನಗೇ ಗಾಬರಿ."

ಸಿಟ್ಟಿಗೋ ಸಂಕಟಕ್ಕೋ ಎರಡು ಭಾಷೆ ಒಂದಕ್ಕೊಂದು ಬೆರೆತಿದ್ದವು. ಹೊನ್ನಪ್ಪ ತಕ್ಷಣ ತನ್ನನ್ನು ತಾನು ಎಳೆದುಕೊಂಡು ಮತ್ತೆ ತೆಲುಗಿಗೆ ಹೋದ. ಬಹುಮಾನ ಏನು ಕೊಟ್ಟರು ಎಂದು ವಿಚಾರಿಸಿದ.

"ಆನೆ. ಕೊಂಡಪಲ್ಲಿ ಆನೆ."

"ಮಂಚಿದಿ. ಪಾಪಕು ಆಡುಕೋಡಾನಿಕಿ ಬಾಗುಂಟುಂದಿ."

ಮಗುವಿಗೆ ಆಡಲು ಚೆನ್ನಾಗಿರುತ್ತದೆ. ವ್ಯಂಗ್ಯವೋ ಅಲ್ಲವೋ ಉಮಾಶಂಕರನಿಗೆ ತಿಳಿಯಲಿಲ್ಲ. ವಾಲ್ತೇರಿಗೆ ಬಂದಾಗ ಮನೆಗೆ ಬನ್ನಿ ಎಂದ. ಗೂಡ್ಸಿನ ಗಾರ್ಡಿಗೆ ಎಲ್ಲಿ, ಯಾವ ಹೊತ್ತು ಎಂದಿರುವುದಿಲ್ಲ ಸಾರ್ ಎಂದ ಹೊನ್ನಪ್ಪ. ಊಟದ ಹೊತ್ತಾಗಿತ್ತು, ಒಳಗಿನಿಂದ ನುಗ್ಗೆಕಾಯಿ ಹುಳಿಯ ವಾಸನೆ ಬರುತ್ತಿತ್ತು. ಊಟ ಮಾಡಿಕೊಂಡು ಹೋಗಿ ಎಂದು ಯಾರೂ ಹೇಳಲಿಲ್ಲ. ಅವನು ಎದ್ದಾಗ ಹೊನ್ನಪ್ಪನೂ ಎದ್ದು, ಗೇಟಿನವರೆಗೆ ಬಂದು ಕೈ ಮುಗಿದು, "ವೆಳ್ಳಿ ರಂಡಿ" ಎಂದು ಬೀಳ್ಕೊಟ್ಟು ಒಳಗೆ ಹೋದ.

ರಿಕ್ಷಾದವನು ಬೇಲಿಯಾಚೆ ಬೀಡಿ ಸೇದುತ್ತಿದ್ದ. ಉಮಾಶಂಕರ ಗೇಟಿನ ಕೊಂಡಿ ಹಾಕುತ್ತಿರುವಾಗ ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಹಿಂದೆಯೇ ಹೊನ್ನಪ್ಪನ ದನಿ, ತುಂಬು ಗಂಟಲಿನದು:

"ಏ ಚಂದ್ರಾ, ನಿನ್ನೆ ಏನಾತಂತಿ ಕೇಳು. ಕೊಂಡಪಲ್ಲ್ಯಾಗ ಕಲ್ಲಿದ್ದಲು ಗಾಡಿ ನಿಂದ್ರಿಸಿಬಿಟ್ರು. ಕುಂತೆ, ಕುಂತೆ, ಬೆನ್ನು ಹಿಡೀತು. ಆ ಕಡಿ ಈ ಕಡಿ ನರಮನಷ್ಯಾ ಇಲ್ಲ. ಕಣ್ಣು ಮುಚ್ಚೀನಿ, ಯಾರೋ ಡಬ್ಬಿ ಹತ್ತಿದಂಗಾತು. ಯಾರಲೇ ಅದು ಅಂದೆ. ಒಂದು ಮ್ಯಾಕಿ!"

"ಮ್ಯಾಕಿ? ರೈಲಿಗೆ?"

"ಹೌದ ಮತ್ತ! ಟಿಕೀಟು ಎಲ್ಲೆವ್ವಾ ಅಂದೆ. ನನ್ನ ಬುತ್ತಿ ಗಂಟಿಗೇ ಬಾಯಿ ಹಾಕ್ತು. ಇಳೀಯೇ ಅಂದ್ರ ಇಳೀವಲ್ದು. ಅಷ್ಟೊತ್ತಿಗೆ ಸಿಗ್ನಲ್ ಬಿತ್ತು ನೋಡು, ಡ್ರೈವರು ಕೂಗು ಹೊಡದಾ..."

ಉಮಾಶಂಕರನ ಮುಖದಲ್ಲಿ ತಾನಾಗಿ ನಗು ಮೂಡಿತ್ತು. ಅವನು ಬೇಲಿಯ ತಂತಿ ಹಿಡಿದು ಒಂದಿಷ್ಟು ಒಳಕ್ಕೆ ಬಾಗಿದ.

"ಸಾರ್, ವೆಳ್ದಾಮಾ?" ಎಂದು ರಿಕ್ಷಾದವನು ಬೀಡಿ ಎಸೆದು ಗಂಟೆ ಬಾರಿಸಿದ. ಒಳಗೆ ಗಂಡ ಹೆಂಡತಿ ಇಬ್ಬರೂ ಜೋರಾಗಿ ನಕ್ಕರು. ಮೇಕೆ ಏನಾಯಿತೆಂದು ಅವನಿಗೆ ಕೇಳಿಸಲಿಲ್ಲ.