ಹಂಪಮ್ಮನ ಔಡಲೆಣ್ಣೆ

ತೆಲುಗು ಸೀಮೆಯ ನಾಚಾರಂನ ಆ ಗಲ್ಲಿಯಲ್ಲಿ ಯಾರ ಕಾಲು ಉಳುಕಿದರೂ ಹಂಪಮ್ಮನ ಬಾಗಿಲಿಗೇ ಬರಬೇಕು. ಸಿಂಧನೂರಿನ ಕಡೆಯಿಂದ ಬಂದು ನೆಲೆಸಿದ್ದ ಆ ಮುದುಕಿಯ ಹೆಬ್ಬೆರಳಿಗೆ ಸಿಕ್ಕು ಅಳದವರಿಲ್ಲ, ಮರುದಿನ ನೆಟ್ಟಗೆ ನಡೆಯದವರೂ ಇಲ್ಲ. ಹೀಗಿರುವಾಗ ಸ್ವಂತ ಮಗ ಕಲ್ಲೇಶನ ಮೀನಖಂಡ ಬಾತು ಕೆಂಪಾದರೆ ಆಕೆ ಸುಮ್ಮನೆ ಕೂರುವಳೇ? ಔಡಲೆಣ್ಣೆ ಬೆಚ್ಚಗೆ ಮಾಡಿ, ಬಟ್ಟಲು ಹಿಡಿದು ಬಂದಳು.

ಸೊಸೆ ಸುವರ್ಣಾ ಗಂಡನ ಕಾಲಿಗೆ ಅಡ್ಡ ಕೂತಳು.

"ಮುಟ್ಟಬ್ಯಾಡ್ರಿ ಅತ್ತಿ. ದವಾಖಾನಿಗೆ ಹೋಗೋಣು."

"ಒಂದು ಕಾಲು ಬಾತಿದ್ದಕ್ಕ ದವಾಖಾನಿ? ಕೊರೋನಾದಾಗ ಮಲಗಿ ಮಲಗಿ ನರ ಹಿಡಕೊಂಡಾವ. ತಿಕ್ಕಿದ್ರ ಬಿಡ್ತಾವ. ಸರಿ ಅತ್ಲಾಗ."

ಕಲ್ಲೇಶ ಕೊರೋನಾ ವಾರ್ಡಿನಿಂದ ಮನೆಗೆ ಬಂದು ವಾರವಾಗಿತ್ತು. ಹೊರಡುವಾಗ ನರ್ಸಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದ್ದಳು: ಈ ರೋಗ ಹೋದ ಮೇಲೂ ರಕ್ತ ಹೆಪ್ಪುಗಟ್ಟಬಹುದು, ಒಂದೇ ಕಾಲು ಬಾತು ಬಿಸಿಯಾದರೆ ತಿಕ್ಕಬೇಡಿ, ಹೆಪ್ಪು ಕಿತ್ತು ಎದೆಗೆ ಹೋದರೆ ಜೀವವೇ ಹೋದೀತು, ಕೂಡಲೇ ಕರೆತನ್ನಿ. ಮನೆಗೆ ಹೋಗುವ ಖುಷಿಯಲ್ಲಿ ಕಲ್ಲೇಶ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸುವರ್ಣಾ ಹಾಕಿಕೊಂಡಿದ್ದಳು. ಅದನ್ನೇ ಈಗ ಅತ್ತೆಗೆ ಹೇಳಿದಳು. ಯಾರು ಕೇಳಬೇಕು?

"ಅವ್ವನ ಕೈಗುಣ ಗಲ್ಲಿಗೆಲ್ಲ ಗೊತ್ತೈತಿ. ನಿನಗ್ಯಾಕ ಇಷ್ಟು ಸೊಕ್ಕು?" ಎಂದ ಭಾವ ಹುಲಗೇಶ.

ನೋವಿಗೆ ಹಲ್ಲು ಕಚ್ಚಿದ್ದ ಕಲ್ಲೇಶನೂ, "ತಿಕ್ಲಿ ಬಿಡು, ಅವ್ವ ಅಲ್ಲೇನು," ಎಂದ. ಯಾರ ಜೀವಕ್ಕಾಗಿ ಜಗಳ ಕಾಯುತ್ತಿದ್ದಳೋ ಅವನೇ ಆ ಕಡೆ ಸೇರಿದಾಗ ಸುವರ್ಣಾಳಿಗೆ ಮೈಯೆಲ್ಲ ಉರಿಯಿತು. ಮೂವರ ಬಾಯಿಗೆ ಒಬ್ಬಳು ಎಷ್ಟು ಹೊತ್ತು ಎದುರು ನಿಂತಾಳು?

ಅತ್ತೆಯ ಕೈಯಿಂದ ಬಟ್ಟಲು ಕಿತ್ತುಕೊಂಡು, ಎಣ್ಣೆಯನ್ನೆಲ್ಲ ತನ್ನ ನೆತ್ತಿಯ ಮೇಲೆ ಸುರಿದುಕೊಂಡಳು.

"ಮನ್ಯಾಗ ಇನ್ನೂ ಎಣ್ಣಿ ಇದ್ರ ತರ್ರಿ, ಅದನ್ನೂ ಸುರಕೋತೀನಿ! ಅವರ ಕಾಲಿಗೆ ಒಂದು ಹನಿ ಬೀಳಗೊಡಂಗಿಲ್ಲ. ಭಾವಾರ, ಆಟೋ ಕರೀತೀರೋ, ನಾನ ಹೊತ್ಕೊಂಡು ಹೋಗ್ಲೋ?"

ಹುಬ್ಬಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದ ಆ ಮುಖ ನೋಡಿ ಹುಲಗೇಶ ತೆಪ್ಪಗೆ ಆಟೋ ತರಲು ಓಡಿದ.

ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ರಕ್ತ ತೊಡೆಯವರೆಗೂ ಹೆಪ್ಪುಗಟ್ಟಿದೆ ಎಂದು ಆಗಲೇ ಸೂಜಿಮದ್ದು ಶುರುಮಾಡಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು, "ಮಾಲೀಶ್ ತೋ ನಹೀ ಕಿಯಾ ನಾ?"

ಹಂಪಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಮಾಲೀಶ್ ಅಂದರೆ ತಿಕ್ಕುವುದು ಎಂದು ಮಾತ್ರ ಗೊತ್ತಿತ್ತು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ನಹೀ ಸಾಬ್," ಎಂದಳು ಸುವರ್ಣಾ.

"ಒಳ್ಳೆಯದಾಯಿತು. ಉಳಿಯುತ್ತಾನೆ," ಎಂದು ಡಾಕ್ಟರು ಒಳಗೆ ಹೋದರು.

ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ಕೂತರು. ಅತ್ತೆ ಬೈದರೆ ಬೈಯಲಿ, ಮನೆಯಿಂದ ಹೊರಗೆ ಹಾಕಿದರೂ ಹಾಕಲಿ, ತಾನು ಮಾಡಿದ್ದು ಸರಿಯೇ ಎಂದುಕೊಂಡಳು ಸುವರ್ಣಾ. ಹಂಪಮ್ಮ ಎದ್ದು ಬಂದು ಸೊಸೆಯ ಹಿಂದೆ ನಿಂತಳು.

"ಇಷ್ಟು ಎಣ್ಣಿ ಹಂಗ ಬಿಟ್ರ ತಲಿ ಭಾರ ಆಗ್ತೈತಿ. ಇದನ್ನರ ತಿಕ್ಕಲೇನು? ಇಲ್ಲಾ ಇದಕ್ಕೂ ಡಾಕ್ಟರ್‌ನ ಕೇಳಬೇಕೋ?"

"ತಿಕ್ರಿ ಅತ್ತಿ," ಎಂದಳು ಸುವರ್ಣಾ. "ಜೋರಾಗೇ ತಿಕ್ರಿ."

ಮುದುಕಿಯ ಹೆಬ್ಬೆರಳು ನೆತ್ತಿಗೆ ಇಳಿಯಿತು. ಗಲ್ಲಿಯವರೆಲ್ಲ ಅಳುತ್ತಿದ್ದುದು ಯಾಕೆಂದು ಸುವರ್ಣಾಳಿಗೆ ಆಗ ಗೊತ್ತಾಯಿತು.