ಮಗ್ಗದ ಕುಣಿಗೆ ಇಳಿದ ಬೂಟು

ಗಜೇಂದ್ರಗಡದಲ್ಲಿ ಆ ಸಲ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಗುಡ್ಡದ ನೀರೆಲ್ಲ ಒಮ್ಮೆಲೇ ಇಳಿದು ತಗ್ಗಿನ ಓಣಿಯ ಮನೆಗಳಿಗೆ ನುಗ್ಗಿತು. ನೀರು ಹೋಯಿತು, ಕೆಸರು ಉಳಿಯಿತು. ಆಮೇಲೆ ಬಂದವರೆಲ್ಲ ಗೋಡೆ ನೋಡಿದರು, ತಗಡು ನೋಡಿದರು, ನೆನೆದ ಜೋಳ ನೋಡಿದರು. ಮನೆಯವರೂ ಅದನ್ನೇ ನೋಡಿದರು. ತಮ್ಮ ಮೈ ಹೇಗಿದೆ ಎಂದು ನೋಡಿಕೊಳ್ಳುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಲೀಲಾಬಾಯಿಯವರಿಗಂತೂ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ, ತಮ್ಮ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆ ಒತ್ತುತ್ತ ಕೈಯಿಂದ ಲಾಳಿ ಓಡಿಸುವ ಮಗ್ಗ ಅದು. ಈಗ ಕುಣಿಯ ತುಂಬ ಕೆಸರು. ಬೆಳಗಾದರೆ ಸಾಕು, ಲೀಲಾಬಾಯಿ ಸೀರೆ ಎತ್ತಿ ಕಟ್ಟಿ, ಕುಣಿಗೆ ಕೈ ಮುಗಿದು, ಬರಿಗಾಲಲ್ಲಿ ಇಳಿಯುತ್ತಿದ್ದರು. ಯಾವುದೋ ಸಂಘದವರು ಕೆಸರು ಬಳಿದು ತೆಗೆಯಲೆಂದು ರಬ್ಬರ್ ಬೂಟು ಕೊಟ್ಟು ಹೋಗಿದ್ದರು. ಅವು ಮೂಲೆಯಲ್ಲಿ ನಿಂತಿದ್ದವು, ಒಂದರಲ್ಲಿ ಉಳ್ಳಾಗಡ್ಡಿ, ಇನ್ನೊಂದರಲ್ಲಿ ಬಳ್ಳೊಳ್ಳಿ ತುಂಬಿಕೊಂಡು.

ಆಶಾ ಕಾರ್ಯಕರ್ತೆ ಜಬೀನ ಅದೇ ಓಣಿಯವಳು. ಒಂದು ಮುಂಜಾನೆ ನೀರಿಗೆ ಹಾಕುವ ಕ್ಲೋರಿನ್ ಗುಳಿಗೆ ಹಂಚುತ್ತ ಬಂದಳು.

“ಅಕ್ಕಾರ, ಮ್ಯಾಲ ಬರ್ರಿ. ಒಂದ ಕಪ್ ಚಾ ಕುಡದ್ರ ಮಗ್ಗೇನ ಓಡಿ ಹೋಗೂದಿಲ್ಲ.”

“ಮ್ಯಾಲಿನ ಓಣ್ಯಾಗ ಎಲ್ಲಾರ ಮಗ್ಗ ಸಪ್ಪಳ ಮಾಡಾಕ ಹತ್ಯಾವು ಜಬೀನಾ. ನಂದೊಂದ ಮೂಕಾಗಿ ಕುಂತೈತಿ. ನನಗ ಚಾ ಹ್ಯಾಂಗ ಇಳೀತೈತಿ ಹೇಳು?”

“ಊಟಾನರ ಮಾಡೀರಿಲ್ಲೊ?”

ಬಾಗಿಲಲ್ಲಿ ನಿಂತಿದ್ದ ಸೊಸೆ ಆರತಿ ಉತ್ತರ ಕೊಟ್ಟಳು. “ನಿನ್ನೆ ಸಂಜಿಗೆ ಅರ್ಧ ರೊಟ್ಟಿ ತಿಂದಾರ, ಅಷ್ಟ. ಮಳಿ ಮಾಡ ಕಟ್ಟಿತಂದ್ರ ನಿದ್ದಿ ಮಾಡೂದಿಲ್ಲ, ಅರಿಬಿ ಗಂಟ ಕಟಗೊಂಡ ಕುಂದರತಾರ. ಸಕ್ಕರಿ ಕಾಯಿಲೆ ಗುಳಗಿ ನೀರಾಗ ಹೋದುವು. ಮತ್ತ ತರ್ತೀನಂದ್ರ, ಮೊದಲ ಮಗ್ಗ, ಆಮ್ಯಾಲ ನಾನು ಅಂತಾರ.”

“ಸಾಲಿ ಮಾಸ್ತರ ಮುಂದ ಚಾಡಿ ಹೇಳ್ದಂಗ ಹೇಳಾಕತ್ತೀಯಲ್ಲ ನೀನು” ಎಂದು ಲೀಲಾಬಾಯಿ ಗದರುತ್ತಲೇ ನಕ್ಕರು. ಮೇಲೆ ಬಂದು, ಕಾಲಿಗೆ ನೀರು ಹಾಕಿಕೊಂಡು, ಒಲೆಯ ಕಡೆ ನಡೆದರು.

ತೊಳೆದ ಕಲ್ಲಿನ ನೆಲದ ಮೇಲೆ ಅವರ ಹೆಜ್ಜೆ ಕೆಂಪಗೆ ಮೂಡಿತು. ಜಬೀನ ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟು, ಅವರನ್ನು ಕೂರಿಸಿ ಕಾಲು ಎತ್ತಿ ನೋಡಿದಳು. ಅಂಗಾಲಿನಲ್ಲಿ ಮಗ್ಗದ ತುಕ್ಕು ಹಿಡಿದ ಮೊಳೆ ನೆಟ್ಟಿತ್ತು.

“ಅಕ್ಕಾರ, ಇದು ನಿಮಗ ಗೊತ್ತ ಆಗ್ಲಿಲ್ಲೇನ್ರಿ?”

“ಇಲ್ಲಲಾ. ನೋವಿಲ್ಲಂದ ಮ್ಯಾಲ ಅದೇನ ದೊಡ್ಡದು? ಅರಿಷಿಣ ಒತ್ತಿದ್ರ ಆತು.”

“ನೋವಿಲ್ಲ ಅನ್ನೂದ ನನಗ ಅಂಜಿಕಿ. ಸಕ್ಕರಿ ಕಾಯಿಲೆ ಇದ್ದವರಿಗೆ ಕಾಲಾಗ ಮೊಳಿ ಹೊಕ್ರೂ ತಿಳಿಯೂದಿಲ್ಲ. ಈ ಕೆಸರಾಗ ಗಟಾರದ ಹೊಲಸೈತಿ, ಇಲಿ ಉಚ್ಚಿ ಐತಿ. ಗಾಯದಾಗಿಂದ ಒಳಗ ಹೋದ್ರ ಇಲಿ ಜ್ವರ ಬರ್ತೈತಿ. ಕೊಳತರ ಕಾಲ ತಗೀಬೇಕಾಗ್ತೈತ್ರಿ. ಆ ಮ್ಯಾಲ ಈ ಹಲಗಿ ಯಾರ ಒತ್ತತಾರ?”

ಮನೆಗೆ ನೀರು ನುಗ್ಗಿದಾಗ ಅಳದೆ ಇದ್ದವರು, ಕೆಸರು ಬಳಿಯುವಾಗ ಅಳದೆ ಇದ್ದವರು, ಲೀಲಾಬಾಯಿ ಈಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. “ಮಳಿ ಮಾಡ ಕಂಡ್ರ ಎದಿ ನಡಗತೈತಿ ಜಬೀನಾ. ಯಾರ ಮುಂದ ಹೇಳೂದಂತ ಸುಮ್ಮನಿದ್ನಿ” ಎಂದರು. ಜಬೀನ ಅಳಬೇಡಿ ಎನ್ನಲಿಲ್ಲ. ಅತ್ತು ಮುಗಿಯುವವರೆಗೂ ಕೈ ಹಿಡಿದುಕೊಂಡು ಕುಳಿತಳು. ಆಮೇಲೆ ಆಟೊ ಕರೆಸಿದಳು.

ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು ಮೊಳೆ ತೆಗೆದು, ಗಾಯ ತೊಳೆದು, ಧನುರ್ವಾಯು ಆಗದಂತೆ ಸೂಜಿ ಮಾಡಿದರು. ಸಕ್ಕರೆ ಕಾಯಿಲೆಯ ಗುಳಿಗೆ ಮತ್ತೆ ಶುರುವಾಯಿತು. ಗಾಯ ಮಾಯುವ ತನಕ ಕೆಸರಿಗೆ ಇಳಿಯಕೂಡದು, ಇಳಿಯುವವರು ಯಾರೇ ಆಗಲಿ ಬೂಟು ಹಾಕಲೇಬೇಕು ಎಂದು ಹೇಳಿ ಕಳಿಸಿದರು. ಲೀಲಾಬಾಯಿ ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಮಾತ್ರ ಹಟ ಹಿಡಿದರು.

“ಮಗ್ಗದ ಕುಣಿಗೆ ಬೂಟ್ ಹಾಕ್ಕೊಂಡ ಇಳಿಯೂದೇನ? ನಮ್ಮತ್ತಿ ಹೊಸ್ತಲದೊಳಗೂ ಚಪ್ಪಲ್ ತಂದವರಲ್ಲ. ಅದೊಂದ ಹೇಳಬ್ಯಾಡ.”

ಕಲ್ಲಿಗೆ ಹೇಳಿದ್ದರೆ ಕಲ್ಲಾದರೂ ಕರಗುತ್ತಿತ್ತೇನೋ. ಜಬೀನ ನಿಟ್ಟುಸಿರು ಬಿಟ್ಟು ಹೋದಳು.

ಮರುದಿನ ಜಬೀನ ಗಾಯ ನೋಡಲು ಬಂದಾಗ ಲೀಲಾಬಾಯಿ ಕಾಲು ಎತ್ತರಕ್ಕಿಟ್ಟು ಹೊರಸಿನ ಮೇಲೆ ಕುಳಿತಿದ್ದರು. ಆರತಿ ಸಲಿಕೆ ಹಿಡಿದು ಕುಣಿಯ ಬಳಿ ನಿಂತಿದ್ದಳು. ಅತ್ತೆಯ ಪದ್ಧತಿಯಂತೆ ಕೈ ಮುಗಿದಳು. ಬರಿಗಾಲು ಎತ್ತಿ ಇನ್ನೇನು ಕೆಸರಿಗೆ ಇಡಬೇಕು.

“ಆರತಿ, ನಿಂದ್ರು. ಕಾಲ ಇಡಬ್ಯಾಡ” ಎಂದು ಲೀಲಾಬಾಯಿ ಕೂಗಿದರು.

“ಮತ್ತ ಹ್ಯಾಂಗ ಬಳೀಲ್ರಿ ಅತ್ತಿ? ಬೂಟ್ ಬ್ಯಾಡ ಅಂದವರು ನೀವ.”

“ನಂದು ಮುದಕಿ ಕಾಲು, ಹೋದ್ರ ಹೋತು. ನೀನಿನ್ನೂ ಬಾಳೇವ ಮಾಡಾಕಿ.”

ಜಬೀನ ಮೆಲ್ಲಗೆ ಹೇಳಿದಳು, “ಸೊಸಿ ಕಾಲಿಗೆ ಅಂಜಿದಷ್ಟ ನಿಮ್ಮ ಕಾಲಿಗೂ ಅಂಜ್ರಿ ಅಕ್ಕಾರ. ನಾ ಕೇಳೂದು ಅಷ್ಟ.”

ಲೀಲಾಬಾಯಿ ಸಲಿಕೆಯ ಕಡೆ ನೋಡಿದರು. ತಮಗೆ ತಾವೇ ಅಂದುಕೊಳ್ಳುವಂತೆ, “ಸಲಿಕಿ ಕುಣಿಯಾಗ ಇಳೀತೈತಿ. ದಸರಾದಾಗ ಖಂಡೇಪೂಜಿ ದಿನ ಅದಕ್ಕೂ ಕುಂಕುಮ ಹಚ್ಚತೀವಿ” ಎಂದರು. ಆಮೇಲೆ ಗಟ್ಟಿಯಾಗಿ, “ಆ ಉಳ್ಳಾಗಡ್ಡಿ ಸುರುವು. ಬೂಟ್ ತೊಳಕೊಂಡ ಬಾ” ಎಂದರು.

ಆರತಿ ತೊಳೆದು ತಂದ ಬೂಟುಗಳನ್ನು ಲೀಲಾಬಾಯಿ ತೊಡೆಯ ಮೇಲಿಟ್ಟುಕೊಂಡು ಅರಿಷಿಣ ಕುಂಕುಮ ಹಚ್ಚಿದರು. ತೀರಿಹೋದ ಅತ್ತೆಗೆ ಸಮಜಾಯಿಷಿ ಕೊಡುವವರಂತೆ ಗೋಡೆಯ ಫೋಟೊ ನೋಡಿ, “ಇವು ಚಪ್ಪಲ್ ಅಲ್ರಿ, ಕೆಲಸದ ಸಾಮಾನು” ಎಂದರು. ಆರತಿಗೆ ನಗು ತಡೆಯಲಾಗಲಿಲ್ಲ. ಜಬೀನಳಿಗೂ ಅಷ್ಟೇ.

ಸುದ್ದಿ ಓಣಿಗೆ ಹಬ್ಬಲು ತಡವಾಗಲಿಲ್ಲ. ಪಕ್ಕದ ಮನೆಯ ಹೂವಪ್ಪ, “ಏನ್ರಿ ಲೀಲಾಬಾಯಾರ, ಬೂಟಿಗೆ ನೈವೇದ್ಯ ಏನ ಮಾಡೀರಿ?” ಎಂದು ಕಾಡಿಸಿದ. ಕಾಡಿಸಿದವನೇ ಮರುದಿನ ತನ್ನ ಬೂಟು ಹಿಡಿದು ಕುಂಕುಮ ಕೇಳಲು ಬಂದ. ತಗ್ಗಿನ ಓಣಿಯಲ್ಲಿ ಅಂದಿನಿಂದ ಯಾರೂ ಬರಿಗಾಲಲ್ಲಿ ಕೆಸರು ತುಳಿಯಲಿಲ್ಲ.

ಲೀಲಾಬಾಯಿ ಹೊತ್ತಿಗೆ ಸರಿಯಾಗಿ ಉಂಡರು, ಗುಳಿಗೆ ನುಂಗಿದರು. ಮೋಡ ಕಟ್ಟಿದರೆ ಒಬ್ಬರೇ ಗಂಟು ಕಟ್ಟಿಕೊಂಡು ಕೂರದೆ ಆರತಿಯನ್ನು ಕರೆದು, ನನಗೆ ಅಂಜಿಕೆ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದರು. ಹೇಳಿದ ಮೇಲೆ ನಿದ್ದೆಯೂ ಬರತೊಡಗಿತು. ಗಾಯ ಪೂರ್ತಿ ಮಾಯಿತು ಎಂದು ಡಾಕ್ಟರು ಹೇಳಿದ ದಿನ, ಒಣಗಿ ಸ್ವಚ್ಛವಾಗಿದ್ದ ಕುಣಿಗೆ ಕಾಲು ಇಳಿಬಿಟ್ಟು ಕುಳಿತರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಹಲಗೆ ಒತ್ತಿದರು. ಲಾಳಿ ಓಡಿತು. ಮಗ್ಗ ಟಕ್ ಟಕ್ ಎಂದಿತು.

“ಕೇಳಿದ್ಯಾ ಜಬೀನಾ?” ಎಂದರು ಲೀಲಾಬಾಯಿ, ಕಣ್ಣು ತುಂಬಿಕೊಂಡು. “ಎಲ್ಲಾರೂ ಮಗ್ಗದ ಸಪ್ಪಳ ಅಂತಾರ. ಇದು ನನ್ನ ಕಾಲಿನ ಸಪ್ಪಳ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ನೀರು ನುಗ್ಗಿರಬಹುದು. ಕೆಸರಿಗೆ ಇಳಿಯುವ ಮುಂಚೆ ಬೂಟು ಹಾಕಿಕೊಳ್ಳಿ. ಸಂಜೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ. ಗಾಯವಾದರೆ, ಜ್ವರ ಬಂದರೆ ಅಂದೇ ದವಾಖಾನೆಗೆ ಹೋಗಿ. ದಿನಾ ನುಂಗುವ ಗುಳಿಗೆ ನೀರುಪಾಲಾಗಿದ್ದರೆ ಇವತ್ತೇ ಕೇಳಿ ಪಡೆಯಿರಿ. ಎಲ್ಲರಿಗೂ ಬಡಿಸಿ ನೀವು ಉಪವಾಸ ಮಲಗಬೇಡಿ. ನಿದ್ದೆ ಬರದಿದ್ದರೆ, ಎದೆ ನಡುಗಿದರೆ, ನಿಮ್ಮವರ ಮುಂದೆ ಹೇಳಿ. ಹೇಳಲು ಯಾರೂ ಇಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ೧೪೪೧೬ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ. ಬಿದ್ದ ಮನೆಯನ್ನು ಎತ್ತಿ ನಿಲ್ಲಿಸುವವರು ನೀವೇ. ಅದಕ್ಕೇ ಮೊದಲು ನಿಮ್ಮ ಮೈ ನೋಡಿಕೊಳ್ಳಿ.